ಧನರಾಜ್ ಎಲ್ಲಿ ಇಳಿಯುತ್ತಾನೆ?

ಮುಂಬಯಿಯ ಲೋಕಲ್ ಗಾಡಿಯಲ್ಲಿ ನಿಂತವನು ಕುಳಿತವನಿಗೆ ಕೇಳುವ ಪ್ರಶ್ನೆ ಒಂದೇ: "ಕಿಧರ್ ಉತರೇಗಾ?" ಎಲ್ಲಿ ಇಳಿಯುತ್ತೀ ಎಂದು. ಇದು ಕುಶಲ ವಿಚಾರಣೆಯಲ್ಲ. ನೀವು ಕುರ್ಲಾ ಎಂದಿರೋ, ಆ ಗಳಿಗೆಯಿಂದ ನಿಮ್ಮ ಸೀಟು ಅವನದು. ಕುರ್ಲಾದ ತನಕ ನೀವು ಅದನ್ನು ಕಾಯುತ್ತಿರುವ ಆಳು, ಅಷ್ಟೆ. ಕುರ್ಲಾ ಬಂದಾಗ "ಮನಸ್ಸು ಬದಲಾಯಿತು, ಠಾಣೆಗೆ ಹೋಗುತ್ತೇನೆ" ಎಂದು ಹೇಳಿ ನೋಡಿ. ಆ ಸೀಟಿನ ಗೊಡವೆಯೇ ಇಲ್ಲದವರು ಕೂಡ ಬಾಗಿಲಿನಿಂದ ಬಗ್ಗಿ ಬಗ್ಗಿ ನಿಮಗೆ ಬುದ್ಧಿ ಹೇಳುತ್ತಾರೆ. ಇಳಿಯುತ್ತೇನೆ ಎಂದವನು ಇಳಿಯಲೇಬೇಕು. ಈ ಊರನ್ನು ನಡೆಸುತ್ತಿರುವ ಕಾನೂನು ಇದೊಂದೇ ಎಂದು ನನ್ನ ನಂಬಿಕೆ.

ಹುಟ್ಟಿದಂದಿನಿಂದ ಈ ಗಾಡಿಯಲ್ಲೇ ಓಡಾಡಿದ ನಮ್ಮ ಧನರಾಜನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಗಾಡಿಯ ಕಾನೂನು ಬಿಲ್ಡಿಂಗಿಗೂ ಅನ್ವಯಿಸುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ.

ನಾವಿರುವುದು ಆಂಟಾಪ್ ಹಿಲ್‌ನಲ್ಲಿ. ಧನರಾಜನದು ನನ್ನ ಎದುರು ಮನೆ. ಒಂದು ರೂಮು, ಒಂದು ಕಿಚನ್, ಅದರಲ್ಲಿ ಅಪ್ಪ ಕಾಂತಪ್ಪ, ಅಮ್ಮ ಅಕ್ಕು, ಹನ್ನೆರಡನೇ ಕ್ಲಾಸಿನ ತಂಗಿ ಯಕ್ಷಿತಾ ಮತ್ತು ಕಿಟಕಿಯ ಪಕ್ಕ ಒಂದು ದಿವಾನ. ದಿವಾನವನ್ನು ಮನೆಮಂದಿಯ ಲೆಕ್ಕಕ್ಕೆ ಸೇರಿಸಿದ್ದು ತಪ್ಪಿಯಲ್ಲ. ಧನರಾಜನಿಗೆ ಅದರ ಮೇಲೆ ಪ್ರಾಣ. ಅಲ್ಲಿ ಮಲಗಿದರೆ ತಲೆಗೆ ಗಾಳಿ, ಕಣ್ಣಿಗೆ ಬಾದಾಮಿ ಮರ, ಮೂಗಿಗೆ ಕೆಳಗಿನ ವಡಾಪಾವ್ ಗಾಡಿಯ ಬೆಳ್ಳುಳ್ಳಿ ಚಟ್ನಿ. ಬಿ.ಕಾಂ. ಪೂರ್ತಿ ಅವನು ಅದರ ಮೇಲೆ ಮಲಗಿಯೇ ಓದಿದ್ದು. ಪಾಸಾದದ್ದು ದಿವಾನದ ಪುಣ್ಯ.

ರಿಸಲ್ಟು ಬಂದ ಮಾರನೇ ದಿನ ಮೆಟ್ಟಿಲಲ್ಲಿ ಸತ್ಯಮೂರ್ತಿಯವರು ಅವನನ್ನು ತಡೆದರು. ಅವರು ನಮ್ಮ ಸೊಸೈಟಿಯ ಸೆಕ್ರೆಟರಿ, ಮೂಲ ಮೈಸೂರು, ಚೆಂಬೂರಿನ ಕಾರ್ಖಾನೆಯೊಂದರಿಂದ ನಿವೃತ್ತರು. ಕಾರ್ಖಾನೆಯಲ್ಲಿ ಮಾಡಲಾಗದ ಅಧಿಕಾರವನ್ನೆಲ್ಲ ಈಗ ನಮ್ಮ ಮೇಲೆ ಮಾಡುತ್ತಾರೆ.

"ಏನಪ್ಪಾ, ಪಾಸಾದೆಯಂತೆ. ಮುಂದೇನು?"

ಇದಕ್ಕೆ ಸತ್ಯವಾದ ಉತ್ತರ "ಏನೂ ಇಲ್ಲ ಅಂಕಲ್" ಎಂಬುದು. ಆದರೆ ಹುಡುಗ ಹಿಂದಿನ ದಿನವಷ್ಟೇ ಫೋನಿನಲ್ಲಿ ಯಾವನೋ ಬಿಳಿಯನ ವೀಡಿಯೊ ನೋಡಿದ್ದ. ಪದವಿ ಮುಗಿಸಿದ ಮೇಲೆ ಬದುಕಲು ಊರನ್ನು ಹೇಗೆ ಆರಿಸಿಕೊಳ್ಳಬೇಕು ಎಂಬ ಬಗ್ಗೆ ಅವನು ಭೂಪಟದ ಮುಂದೆ ನಿಂತು ಉಪದೇಶ ಮಾಡಿದ್ದ.

"ಯಾವ ಸಿಟಿಯಲ್ಲಿ ಸೆಟಲ್ ಆಗುದು ಅಂತ ಶಾರ್ಟ್‌ಲಿಸ್ಟ್ ಮಾಡ್ತಾ ಇದ್ದೇನೆ ಅಂಕಲ್," ಎಂದ ಧನರಾಜ್.

"ಅಂದ್ರೆ ಮುಂಬಯಿ ಬಿಡ್ತೀಯಾ?"

"ಮುಂಬಯಿ ಭೀ ಅಚ್ಛಾ ಹೈ. ಬಟ್ ಆಪ್ಶನ್ಸ್ ತುಂಬಾ ಉಂಟಲ್ಲ."

ಹಾಲಿನ ಚೀಲ ಹಿಡಿದು ಹಿಂದೆಯೇ ನಿಂತಿದ್ದ ನಾನೇ ಸಾಕ್ಷಿ. ದೇಶದ ನಗರಗಳೆಲ್ಲ ತನ್ನ ಕೈಯ ಹಾರಕ್ಕೆ ಕಾದು ಸ್ವಯಂವರಕ್ಕೆ ಬಂದು ಕೂತಿವೆ ಎಂಬ ಧಾಟಿಯಲ್ಲಿ ಅವನು ಮಾತಾಡಿದ. ನಿಜ ಹೇಳಬೇಕೆಂದರೆ ಅವನಿಗೆ ಪಕ್ಕದ ಪನ್ವೇಲಿನಿಂದಲೂ ಕರೆ ಬಂದಿರಲಿಲ್ಲ.

ಸತ್ಯಮೂರ್ತಿಯವರು ಕನ್ನಡಕ ಸರಿಮಾಡಿಕೊಂಡರು. "ಒಳ್ಳೇದಪ್ಪಾ, ಯುವಕರು ಹೊರಗೆ ಹೋಗ್ಬೇಕು. ಅಂದ ಹಾಗೆ, ನೀನು ಹೋದ್ಮೇಲೆ ನಿನ್ನ ಸ್ಕೂಟರ್ ನಿಲ್ಸೋ ಜಾಗ ಖಾಲಿ ಆಗತ್ತಲ್ವಾ? ನನ್ನ ಕಾರಿನ ಮೂತಿ ಬಿಸಿಲಲ್ಲಿ ಸುಡ್ತಾ ಇದೆ."

ಧನರಾಜ್ ನಕ್ಕು ತಲೆಯಾಡಿಸಿದ. ಕುರ್ಲಾ ಎಂದುಬಿಟ್ಟಿದ್ದ, ಪಾಪ.

ಸಂಜೆ ಅವನು ಮನೆಗೆ ಬರುವಷ್ಟರಲ್ಲಿ ದಿವಾನದ ಮೇಲೆ ಭೌತಶಾಸ್ತ್ರ, ರಸಾಯನಶಾಸ್ತ್ರಗಳು ಮಲಗಿದ್ದವು. ಕಿಟಕಿಯ ಸರಳಿಗೆ ಯಕ್ಷಿತಾ ತನ್ನ ಟೈಮ್‌ಟೇಬಲ್ ಕಟ್ಟಿದ್ದಳು. (ಅವರ ಮನೆಯೊಳಗಿನ ಮಾತು ತುಳುವಿನದು. ನಾನು ಕನ್ನಡದಲ್ಲಿ ಒಪ್ಪಿಸುತ್ತಿದ್ದೇನೆ.)

"ಏಯ್, ಇದೆಂಥದು?"

"ನೀನು ಹೋಗ್ತಿ ಅಲ್ವಾ ಅಣ್ಣ? ದಿವಾನ್ ಮೇರಾ. ಫೈನಲ್. ಮೂರ್ತಿ ಅಂಕಲ್ ಇಡೀ ಬಿಲ್ಡಿಂಗಿಗೆ ಹೇಳಿದ್ದಾರೆ."

"ಇನ್ನೂ ಹೋಗ್ಲಿಲ್ಲ ಅಲ್ಲ?"

"ಹೋಗುವ ತನಕ ಕಿಚನ್‌ನಲ್ಲಿ ಅಡ್ಜಸ್ಟ್ ಮಾಡು."

ಅಷ್ಟರಲ್ಲಿ ಬಾಗಿಲಲ್ಲಿ ಭೀಮರಾಯ ಕಾಣಿಸಿಕೊಂಡ. ಕಲಬುರಗಿ ಕಡೆಯವನು, ನೆಲಮಹಡಿಯಲ್ಲಿ ಮನೆ, ಸ್ವಂತ ಟೆಂಪೊ. ನಮ್ಮ ಗಲ್ಲಿಯ ಶನಿಪೂಜೆಯಲ್ಲಿ ಜಾಗಟೆ ಬಾರಿಸುವುದು ಧನರಾಜನ ಕೆಲಸ. ಭಾಗವತರ ಪದಕ್ಕೆ ಸರಿಯಾಗಿ, ಮಂಗಳಾರತಿಯ ಹೊತ್ತಿಗೆ ಏರುತ್ತ ಏರುತ್ತ ಅವನು ಬಾರಿಸುವುದನ್ನು ಕೇಳಲೆಂದೇ ವಡಾಲದಿಂದ ಜನ ಬರುತ್ತಿದ್ದರು. ಆ ಜಾಗಟೆಯ ಮೇಲೆ ಭೀಮರಾಯನಿಗೆ ಬಹಳ ದಿನದ ಕಣ್ಣು.

"ತಮ್ಮಾ, ಯಾವಾಗ ಹೊಂಟಿ? ನೀ ಏನೂ ಚಿಂತಿ ಮಾಡಬ್ಯಾಡ. ಸಾಮಾನು ಒಯ್ಯಾಕ ನನ್ನ ಟೆಂಪೊ ಐತಿ. ಆ ಜಾಗಟಿ ಅಷ್ಟ ನನ್ನ ಕೈಯಾಗ ಕೊಟ್ಟ ಹೋಗು."

ಹೀಗೆ ಒಬ್ಬ ಮನುಷ್ಯ ಇನ್ನೂ ಕೂತಿರುವಾಗಲೇ ಅವನ ಸುತ್ತ ಜನ ಬಂದು ನಿಂತರು. ನಾನೇನೂ ಆಸೆಪಡಲಿಲ್ಲ. ಅವನ ಕ್ಯಾರಂ ಬೋರ್ಡು ಎಲ್ಲಿಡುತ್ತಾರೆ ಎಂದು ಸುಮ್ಮನೆ ವಿಚಾರಿಸಿದೆ.

ಮರುದಿನ ಬೆಳಿಗ್ಗೆ ಧನರಾಜ್ ನನ್ನ ಮನೆಗೆ ಬಂದು ಕುಳಿತ. ಅಡುಗೆಮನೆಯಲ್ಲಿ ಗ್ಯಾಸಿನ ಸಿಲಿಂಡರನ್ನು ತಬ್ಬಿಕೊಂಡು ಮಲಗಿದ್ದರಿಂದ ಕತ್ತು ಒಂದು ಕಡೆಗೆ ವಾಲಿತ್ತು.

"ಗುರುಪಾದಣ್ಣ, ನನಗೆ ಎಲ್ಲಿಗೂ ಹೋಗ್ಲಿಕ್ಕಿಲ್ಲ. ನನಗೆ ಇಲ್ಲೇ ಇರ್ಬೇಕು, ಮನೆಯಲ್ಲಿ. ಸುಮ್ಮನೆ ಹೇಳಿದ್ದು ನಾನು."

"ಹಾಗಾದರೆ ಅದನ್ನೇ ಹೇಳಿಬಿಡು."

"ಇವತ್ತು ಪಪ್ಪ ಬಂದ ಕೂಡ್ಲೆ ಹೇಳ್ತೇನೆ."

ಅವನ ಅಪ್ಪ ಕಾಂತಪ್ಪ ಚೆಂಬೂರಿನ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುವವರು. ಮಾತು ಬಲು ಕಡಿಮೆ. ಗಿರಾಕಿ ಬಂದರೆ ತಲೆ ಎತ್ತುವುದು, ಹೋದರೆ ತಗ್ಗಿಸುವುದು, ಇಷ್ಟರಲ್ಲೇ ಆಯುಷ್ಯ ಕಳೆದಿದ್ದರು. ಆ ದಿನ ಅವರು ಮನೆಗೆ ಬಂದಾಗ ಹಿಂದೆ ಗಡಗಡ ಸದ್ದು ಬಂತು. ನೋಡಿದರೆ ಒಂದು ಟ್ರಾಲಿ ಬ್ಯಾಗು. ಅದರೊಳಗೆ ಯಕ್ಷಿತಾಳನ್ನು ಕೂರಿಸಿ ಮೇಲೆ ಅಕ್ಕುವನ್ನೂ ತುರುಕಬಹುದಿತ್ತು, ಅಷ್ಟು ದೊಡ್ಡದು.

"ಹೋಟೆಲಿನವರೆಲ್ಲ ಸೇರಿ ಕೊಟ್ಟದ್ದು," ಎಂದರು ಕಾಂತಪ್ಪ. "ನಾನು ಹೇಳಿದೆ ಅವರಿಗೆ. ನನಗೆ ಊರು ಆರಿಸ್ಲಿಕ್ಕೆ ಎಲ್ಲಿತ್ತು? ಮಾವ ಬಸ್ಸಿಗೆ ಹತ್ತಿಸಿದ, ಇಲ್ಲಿ ಬಂದು ಇಳಿದೆ. ನನ್ನ ಮಗ ಕೂತು ಆರಿಸ್ತಾ ಇದ್ದಾನೆ ಅಂತ ಎಲ್ಲರಿಗೂ ಹೇಳಿದೆ."

ಅವರು ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಮುಖ ಹೋಟೆಲಿನ ಹಿತ್ತಾಳೆ ದೀಪದಂತೆ ಬೆಳಗುತ್ತಿತ್ತು. ಧನರಾಜ್ ಬ್ಯಾಗಿನ ಜಿಪ್ಪು ಎಳೆದು ನೋಡಿ "ಚೆನ್ನಾಗುಂಟು ಪಪ್ಪ" ಎಂದ. ಅಲ್ಲಿಗೆ ಸತ್ಯಕ್ಕೆ ಬೀಗ ಬಿತ್ತು. ಹೋಗುವುದಿಲ್ಲ ಎಂದರೆ ಅಪ್ಪ ಗಲ್ಲಾದಲ್ಲಿ ತಲೆ ಎತ್ತುವಂತಿಲ್ಲ, ಹೋಗುತ್ತೇನೆ ಎಂದರೆ ದಿವಾನ ಹೋಯಿತು. ಹುಡುಗ ನಿಜಕ್ಕೂ ಸಿಕ್ಕಿಬಿದ್ದಿದ್ದ, ನನಗೆ ಅಯ್ಯೋ ಅನ್ನಿಸಿತು.

ಭಾನುವಾರ ಸತ್ಯಮೂರ್ತಿಯವರ ಅಧ್ಯಕ್ಷತೆಯಲ್ಲಿ ಬಿಲ್ಡಿಂಗಿನ ಟೆರೇಸಿನಲ್ಲಿ ಸಭೆ ಸೇರಿತು. ವಿಷಯ: ಧನರಾಜ್ ಎಲ್ಲಿಗೆ ಹೋಗಬೇಕು. ಧನರಾಜನನ್ನು ಚಹಾ ಹಂಚಲು ನೇಮಿಸಲಾಯಿತು.

"ಮೈಸೂರೇ ಸರಿ," ಎಂದರು ಅಧ್ಯಕ್ಷರು. "ಆ ಗಾಳಿ, ಆ ನೀರು, ಬೆಳಿಗ್ಗೆ ಎದ್ದು ಕೆರೆ ಸುತ್ತ ಒಂದು ಸುತ್ತು ಹಾಕಿದ್ರೆ ಆಯಸ್ಸು ಹೆಚ್ಚಾಗತ್ತೆ."

"ರಿಟೈರ್ ಆದಾಗಿಂದ ಇದನ್ನೇ ಹೇಳ್ತಿದ್ದಾರೆ ಕಣ್ರೀ," ಎಂದರು ಅವರ ಹೆಂಡತಿ ಸರಸ್ವತಿ. "ಇಲ್ಲೇ ಕೆಳಗಿಳಿದು ತರಕಾರಿ ತನ್ನಿ ಅಂದ್ರೆ ಮಂಡಿ ನೋವು."

ಭೀಮರಾಯ ಸೊಲ್ಲಾಪುರ ಎಂದ. "ಕಟಕ್ ರೊಟ್ಟಿ, ಶೇಂಗಾ ಚಟ್ನಿ. ಮನಿ ದೊಡ್ಡುವ ಸಿಗತಾವ. ಅಂಗಳದಾಗ ಹೊರಸ ಹಾಕ್ಕೊಂಡ ಮಕ್ಕೋಬಹುದು." ಹೇಳುತ್ತ ಹೇಳುತ್ತ ಅವನೇ ಕಣ್ಣು ಮುಚ್ಚಿಕೊಂಡ. ಅಕ್ಕು ನಾಸಿಕ ಎಂದಳು. ಅಲ್ಲಿ ಅವಳ ತಮ್ಮ ಸೋಮನಾಥನ ಹೋಟೆಲಿದೆ, ದ್ರಾಕ್ಷಿ ಸಿಗುತ್ತದೆ, ಗೋದಾವರಿ ಇದೆ, ಮಗನನ್ನು ನೋಡುವ ನೆಪದಲ್ಲಿ ಹೋಗಿ ಸ್ನಾನ ಮಾಡಿ ಬರಬಹುದು. ನಾನೂ ಯಾಕೆ ಸುಮ್ಮನಿರಲಿ ಎಂದು ಗೋವಾ ಎಂದೆ.

ಆಮೇಲೆ ಯೋಚಿಸಿದರೆ, ಅಲ್ಲಿ ಯಾರೂ ಧನರಾಜನಿಗೆ ಊರು ಆರಿಸುತ್ತಿರಲಿಲ್ಲ. ಅವರವರಿಗೆ ಹೋಗಬೇಕೆಂದು ಆಸೆಯಿದ್ದು ಹೋಗಲಾಗದ ಊರಿಗೆ ಅವನನ್ನು ಕಳಿಸುತ್ತಿದ್ದರು. ಕಾಂತಪ್ಪ ಮಾತ್ರ ಯಾವ ಊರನ್ನೂ ಹೇಳದೆ, ಎಲ್ಲದಕ್ಕೂ ಹೆಮ್ಮೆಯಿಂದ ತಲೆಯಾಡಿಸುತ್ತ, ಮಗ ಕೊಟ್ಟ ಚಹಾ ಕುಡಿಯುತ್ತಿದ್ದರು. ಕೊನೆಗೆ ಸಭೆ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂತು. ಊರು ಯಾವುದೇ ಆಗಲಿ, ಬರುವ ಶನಿಪೂಜೆಯ ದಿನ ಸನ್ಮಾನ ಮಾಡಿ ಕಳಿಸುವುದು.

ಮುಂಬಯಿ ಕನ್ನಡಿಗರಿಗೆ ಸನ್ಮಾನ ಎಂದರೆ ಊಟಕ್ಕಿಂತ ಹೆಚ್ಚು. ಪೇಟ, ಶಾಲು, ಹಣ್ಣಿನ ಬುಟ್ಟಿ ಆಯಿತೆಂದರೆ ಆಯಿತು, ಶಾಲು ಹೊದ್ದವನು ಹಿಂದೆ ಸರಿದ ಉದಾಹರಣೆಯಿಲ್ಲ. ಅದು ತಿಳಿದೇ ಧನರಾಜ್ ಆ ವಾರ ಬೆಳಗಾದರೆ ಮನೆ ಬಿಡತೊಡಗಿದ. "ಎಲ್ಲಿಗೆ?" ಎಂದರೆ "ಸಿಟಿ ನೋಡ್ಲಿಕ್ಕೆ" ಎನ್ನುತ್ತಿದ್ದ. ಅಸಲಿಗೆ ಅವನು ಸಿಕ್ಕ ಸಿಕ್ಕ ಕಂಪೆನಿಯ ಬಾಗಿಲಲ್ಲಿ ಇಂಟರ್‌ವ್ಯೂಗೆ ನಿಂತಿರುತ್ತಿದ್ದ. ಯಾವ ಊರಾದರೂ ಸರಿ, ಹೆಸರು ಹೇಳಲು ಒಂದು ಸಿಕ್ಕಿದರೆ ಸಾಕಿತ್ತು. ಶನಿವಾರ ಮಧ್ಯಾಹ್ನ ಫೋನಿಗೆ ಸಂದೇಶ ಬಂತು. ಕೆಲಸ ಸಿಕ್ಕಿತ್ತು. ಅವನು ಅದನ್ನು ನನಗೆ ತೋರಿಸಿದ. ಓದಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸಂಜೆ ಪೂಜೆಯ ಪೆಂಡಾಲು ತುಂಬಿತ್ತು. ವೇದಿಕೆಯ ಹಿಂದೆ ದೊಡ್ಡ ಬ್ಯಾನರು: "ಚಿ. ಧನರಾಜ್ ಅವರಿಗೆ ಹೃತ್ಪೂರ್ವಕ ಬೀಳ್ಕೊಡುಗೆ. ಇವರು ನೆಲೆಸಲಿರುವ ಮಹಾನಗರ:" ಅದರ ಮುಂದೆ ಖಾಲಿ ಜಾಗ. ತುಂಬಿಸಲು ಸತ್ಯಮೂರ್ತಿಯವರು ಮಾರ್ಕರ್ ಪೆನ್ನು ಹಿಡಿದು ಸಿದ್ಧರಾಗಿದ್ದರು. ಧನರಾಜನಿಗೆ ಪೇಟ ತೊಡಿಸಿದರು, ಶಾಲು ಹೊದಿಸಿದರು. ಮುಂಬಯಿಯನ್ನು ಮರೆಯದಿರಲೆಂದು ಗೇಟ್‌ವೇ ಆಫ್ ಇಂಡಿಯಾದ ಗಾಜಿನ ಸ್ಮರಣಿಕೆ ಕೊಟ್ಟರು. ಆಗಲೇ ಜಾಗಟೆ ಕೈಗೆ ತೆಗೆದುಕೊಂಡಿದ್ದ ಭೀಮರಾಯ ಸಂತೋಷ ತಡೆಯಲಾರದೆ ಒಂದು ಬಾರಿಸಿದ.

"ಈಗ ಧನರಾಜ್ ತಮ್ಮ ಆಯ್ಕೆಯ ನಗರವನ್ನು ಘೋಷಿಸ್ತಾರೆ," ಎಂದರು ಸತ್ಯಮೂರ್ತಿ.

ಧನರಾಜ್ ಮೈಕಿನ ಮುಂದೆ ನಿಂತ. ಅಪ್ಪನ ಕಡೆ ನೋಡಿದ. ಹೋಟೆಲಿನಿಂದ ರಜೆ ಹಾಕಿ ಬಂದ ಕಾಂತಪ್ಪ ಮೊದಲ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ.

"ಮಲಾಡ್," ಎಂದ ಧನರಾಜ್.

ಮಲಾಡ್ ಎಂದರೆ ಮುಂಬಯಿಯದೇ ಒಂದು ಬಡಾವಣೆ, ನಮ್ಮ ಲೋಕಲ್ ಗಾಡಿಯ ಸ್ಟೇಶನ್ನು. ಮೈಕು ಕುಂಯ್ ಎಂದಿತು.

"ಮಲಾಡ್ ಅಂದ್ರೆ?" ಎಂದು ಸತ್ಯಮೂರ್ತಿ ಮೆಲ್ಲಗೆ ಕೇಳಿದರು.

"ಮಲಾಡ್ ಅಂಕಲ್. ವೆಸ್ಟ್."

"ಎಪ್ಪಾ," ಎಂದ ಭೀಮರಾಯ. "ಮಲಾಡಿಗೆ ಹೋಗಾವಗ ಯಾರರ ಪೇಟಾ ಸುತ್ತತಾರೇನ್ರಿ? ಹಂಗಾದ್ರ ಇಂವಾ ಎಲ್ಲಿ ಹೊಂಟಂಗಾತು, ಇಲ್ಲೇ ಇದ್ದಂಗಾತಲ್ಲ."

ಆ ಮಾತು ಬಾಯಿಂದ ಬಿದ್ದ ಮೇಲೆ ಅದರ ಅರ್ಥ ಅವನಿಗೇ ಹೊಳೆಯಿತು. ಇಲ್ಲೇ ಇದ್ದರೆ ಜಾಗಟೆ ಮರಳಿಸಬೇಕು. ಯಕ್ಷಿತಾಳಿಗೆ ದಿವಾನ ನೆನಪಾಯಿತು. ಕಾರಿನ ಮೂತಿಗೆ ಅದಾಗಲೇ ನೆರಳು ಕಂಡಿದ್ದ ಸತ್ಯಮೂರ್ತಿಯವರ ಮುಖಕ್ಕೆ ಬಿಸಿಲು ಹೊಡೆಯಿತು. ಕ್ಯಾರಂ ಬೋರ್ಡು ನನ್ನ ಮಂಚದ ಕೆಳಗಿತ್ತು, ಅದು ಬೇರೆ ಮಾತು. ಪೆಂಡಾಲಿನಲ್ಲಿದ್ದ ಪ್ರತಿಯೊಬ್ಬರೂ ಒಂದೇ ಕಾಲಕ್ಕೆ ಮಲಾಡಿನ ಬಗ್ಗೆ ಗಂಭೀರವಾಗಿ ಯೋಚಿಸತೊಡಗಿದರು.

ಸತ್ಯಮೂರ್ತಿಯವರು ಮೈಕು ಕೈಗೆತ್ತಿಕೊಂಡರು. "ಸಜ್ಜನರೇ, ನಗರ ಅಂದ್ರೇನು? ಯಾವ ಊರಿಗೆ ಹೋಗೋದಕ್ಕೆ ಗಾಡಿ ಬದಲಿಸ್ಬೇಕೋ, ಅದು ಪರಊರು. ಮಲಾಡಿಗೆ ಹೋಗೋಕೆ ಕಿಂಗ್ಸ್ ಸರ್ಕಲ್ಲಿನಲ್ಲಿ ಹತ್ಬೇಕು, ಅಂಧೇರಿಯಲ್ಲಿ ಇಳೀಬೇಕು, ಇನ್ನೊಂದು ಗಾಡಿಗೆ ನುಗ್ಬೇಕು. ನುಗ್ಗಿದ ಮಾತ್ರಕ್ಕೆ ಮಲಾಡಿನಲ್ಲಿ ಇಳಿಯೋಕೆ ಬಿಡ್ತಾರೆ ಅಂತಲ್ಲ. ರಶ್ಶಿನಲ್ಲಿ ಮುಂದಿನ ಬೋರಿವಲಿಗೂ ಹೋಗ್ಬಹುದು."

"ನಿಜ ಕಣ್ರೀ," ಎಂದು ಸರಸ್ವತಿಯವರು ಎದ್ದು ನಿಂತರು. "ಮೈಸೂರಲ್ಲಿರೋ ಅಕ್ಕನ್ನ ವರ್ಷಕ್ಕೆ ಎರಡು ಸಲ ನೋಡ್ತೀನಿ. ಮಲಾಡಲ್ಲಿ ನನ್ನ ತಂಗಿ ಅಪೇಕ್ಷಾ ಇದಾಳೆ, ಅವಳ ಮುಖ ನೋಡಿ ಐದು ವರ್ಷ ಆಯ್ತು." ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅದು ಮಾತ್ರ ನಾಟಕವಲ್ಲ.

"ಖರೆ, ಖರೆ. ಮಲಾಡ ದೂರ ದೇಶ," ಎಂದ ಭೀಮರಾಯ, ಜಾಗಟೆಯನ್ನು ಎದೆಗೊತ್ತಿಕೊಂಡು.

ಅರೆಗಳಿಗೆಯಲ್ಲಿ ಮಲಾಡು ಸೊಲ್ಲಾಪುರವನ್ನೂ ಮೈಸೂರನ್ನೂ ಹಿಂದೆ ಹಾಕಿ ಮುಂದೆ ಹೋಯಿತು. ಸತ್ಯಮೂರ್ತಿಯವರು ಬ್ಯಾನರಿನ ಮೇಲೆ ದಪ್ಪ ಅಕ್ಷರದಲ್ಲಿ ಮಲಾಡ್ ಎಂದು ಬರೆದರು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ಕಾಂತಪ್ಪನವರೂ ತಟ್ಟಿದರು, ಆದರೆ ಸ್ವಲ್ಪ ತಡವಾಗಿ. ಅವರ ಮುಖದಲ್ಲಿ ಏನಿತ್ತೋ ನನಗೆ ಓದಲಾಗಲಿಲ್ಲ, ಧನರಾಜನಿಗೂ ಆಗಲಿಲ್ಲ. ಅದೇ ಅವನನ್ನು ಕೊರೆಯಿತು.

ಸೋಮವಾರ ಬೆಳಿಗ್ಗೆ ಇಡೀ ಬಿಲ್ಡಿಂಗು ಕೆಳಗಿಳಿದು ಅವನನ್ನು ಬೀಳ್ಕೊಟ್ಟಿತು. ತೆಂಗಿನಕಾಯಿ ಒಡೆದರು. ಅಪೇಕ್ಷಾಳಿಗೆಂದು ಸರಸ್ವತಿಯವರು ಮಾವಿನ ಉಪ್ಪಿನಕಾಯಿಯ ಭರಣಿ ಕೊಟ್ಟರು. ಟೆಂಪೊದ ಹಿಂದೆ, ಆ ಮಹಾ ಬ್ಯಾಗಿನ ಮೇಲೆ, ಪೇಟ ಬಿಟ್ಟರೆ ಬಾಕಿ ಎಲ್ಲ ಮರ್ಯಾದೆಯೊಂದಿಗೆ ಧನರಾಜ್ ಕಿಂಗ್ಸ್ ಸರ್ಕಲ್ ಸ್ಟೇಶನ್ನಿನವರೆಗೆ ಹೋದ. ಅಕ್ಕು ಮೂಗು ಸೀಟಿದಳು. ಯಕ್ಷಿತಾ ಕೂಡ ಅತ್ತಳು, ದಿವಾನದ ಮೇಲೆ ಮಲಗಿಕೊಂಡು.

ರಾತ್ರಿ ಎಂಟರ ಹೊತ್ತಿಗೆ ಮೆಟ್ಟಿಲಲ್ಲಿ ಗಡಗಡ ಸದ್ದಾಯಿತು. ಬಾಗಿಲು ತೆರೆದು ನೋಡಿದರೆ ಧನರಾಜ್. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಉಪ್ಪಿನಕಾಯಿ ಭರಣಿ, ಅಂಗಿ ಹಿಂಡಿದರೆ ಬಕೆಟ್ ತುಂಬುವಷ್ಟು ಬೆವರು.

"ಆಫೀಸ್ ಬಿಟ್ಟಿತು ಅಣ್ಣ," ಎಂದ. "ಸ್ಟೇಶನ್ನಿಗೆ ಬಂದೆ. ಗಾಡಿ ಬಂತು. ಹತ್ತಿದೆ. ಎಂಥ ಮಾಡುದು, ಕಾಲೇ ಹತ್ತಿತು."

ಕೆಳಗಿನಿಂದ ಸತ್ಯಮೂರ್ತಿಯವರು ಹತ್ತಿ ಬಂದರು. ಅವನನ್ನೂ ಬ್ಯಾಗನ್ನೂ ನೋಡಿದರು. ಆಮೇಲೆ, ಶನಿವಾರ ತಾವೇ ಕಟ್ಟಿದ ಕೋಟೆಯನ್ನು ತಾವೇ ಕೆಡವಲಾರದೆ, ಕೈಮುಗಿದು ಕೇಳಿದರು: "ಯಾವಾಗ ಬಂದ್ರಿ? ಮಲಾಡ್ ಹೇಗಿದೆ?"

"ಚೆನ್ನಾಗುಂಟು ಅಂಕಲ್."

"ಎಷ್ಟು ದಿನ ಇರ್ತೀರಿ?"

"ನಾಳೆ ಬೆಳಿಗ್ಗೆ ಹೊರಡ್ಬೇಕು."

"ಅಯ್ಯೋ, ಅಷ್ಟು ಬೇಗನಾ?"

ಅಕ್ಕು ಬಾಗಿಲಿಗೆ ಬಂದು, ಮಗನನ್ನು ನೋಡಿದ್ದೇ ಯಕ್ಷಿತಾಳಿಗೆ ಕೂಗಿ ಹೇಳಿದಳು: "ಏಳು, ಏಳು. ಅಷ್ಟು ದೂರದಿಂದ ಬಂದಿದ್ದಾನೆ. ಬಂದವರಿಗೆ ದಿವಾನ ಬಿಡು." ಮನೆ ಎಷ್ಟೇ ಚಿಕ್ಕದಿರಲಿ, ನೆಂಟ ಬಂದರೆ ಕಿಟಕಿಯ ಪಕ್ಕದ ಜಾಗ ನೆಂಟನದು. ಅದನ್ನು ಮೀರುವ ಧೈರ್ಯ ಯಕ್ಷಿತಾಳಿಗೂ ಇರಲಿಲ್ಲ. ಮಗನಾಗಿ ಕಳೆದುಕೊಂಡದ್ದನ್ನು ಧನರಾಜ್ ನೆಂಟನಾಗಿ ಪಡೆದ. ಮೇಲಿನಿಂದ ನೀರುದೋಸೆ, ಕಾಯಿಹಾಲು.

ಉಳಿದದ್ದು ಕಾಂತಪ್ಪ. ಅವರು ಹೋಟೆಲಿನಿಂದ ಬಂದಾಗ ಧನರಾಜ್ ದಿವಾನದ ಮೇಲೆ ಎದ್ದು ಕುಳಿತ. ನಾವೆಲ್ಲ ತಟ್ಟೆಯಿಂದ ತಲೆ ಎತ್ತಿ ಅವರನ್ನೇ ನೋಡಿದೆವು. ನಾನು ಯಾಕೆ ಅಲ್ಲಿದ್ದೆ ಎಂದು ಕೇಳಬೇಡಿ, ದೋಸೆ ಬಿಸಿಯಾಗಿತ್ತು. ಕಾಂತಪ್ಪ ಮಗನನ್ನು ನೋಡಿದರು, ಬ್ಯಾಗನ್ನು ನೋಡಿದರು.

"ಪಪ್ಪ, ನಾನು," ಎಂದು ಶುರುಮಾಡಿದ ಧನರಾಜ್.

"ಊಟ ಆಯ್ತಾ?"

"ಆಯ್ತು."

"ನಾಳೆ ಎಷ್ಟು ಗಂಟೆಗೆ ಹೊರಡುದು?"

"ಎಂಟಕ್ಕೆ."

ಕಾಂತಪ್ಪ ಸ್ಟೂಲು ಎಳೆದು ಮೇಲೆ ಹತ್ತಿ, ಆ ಬ್ಯಾಗನ್ನು ತಾವೇ ಎತ್ತಿ ಅಟ್ಟಕ್ಕೆ ತಳ್ಳಿದರು. ಇಳಿದು ಕೈ ಕೊಡವಿಕೊಂಡು ಅಕ್ಕುವಿಗೆ ಹೇಳಿದರು: "ಅವನಿಗೆ ಅಷ್ಟು ದೊಡ್ಡದು ಯಾಕೆ? ಒಂದು ಟಿಫಿನ್ ಡಬ್ಬಿ ಸಾಕು." ಆಮೇಲೆ ದಿವಾನದ ತುದಿಯಲ್ಲಿ ಮಗನ ಕಾಲ ಬಳಿ ಕುಳಿತು ಕಿಟಕಿಯ ಗಾಳಿಗೆ ಮುಖ ಕೊಟ್ಟರು. ಅಷ್ಟು ನಿರಾಳವಾಗಿ ಅವರು ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ವರ್ಷವಾಗುತ್ತ ಬಂತು. ನಮ್ಮ ಬಿಲ್ಡಿಂಗಿನ ಮಟ್ಟಿಗೆ ಧನರಾಜ್ ಮಲಾಡಿನಲ್ಲಿದ್ದಾನೆ. ಅವನ ಸ್ಕೂಟರ್ ಅತಿಥಿಗಳ ಜಾಗದಲ್ಲಿ, ಸತ್ಯಮೂರ್ತಿಯವರ ಕಾರಿಗಿಂತ ದಪ್ಪ ನೆರಳಿನಲ್ಲಿ ನಿಲ್ಲುತ್ತದೆ. ಶನಿಪೂಜೆಯಲ್ಲಿ ಜಾಗಟೆ ಭೀಮರಾಯನದೇ, ಆದರೆ ಮಂಗಳಾರತಿಯ ಹೊತ್ತಿಗೆ ಮಲಾಡಿನಿಂದ ಬಂದ ಕಲಾವಿದರಿಗೆ ಅವಕಾಶ ಮಾಡಿಕೊಡುವುದು ಸಂಪ್ರದಾಯವಾಗಿದೆ. ಉಪ್ಪಿನಕಾಯಿ ಭರಣಿ ಇನ್ನೂ ಅಪೇಕ್ಷಾಳ ಮನೆ ಮುಟ್ಟಿಲ್ಲ. ಮಲಾಡ್ ದೂರ.

ಮೊನ್ನೆ ಚೆಂಬೂರಿನ ಹೋಟೆಲಿಗೆ ಇಡ್ಲಿ ತಿನ್ನಲು ಹೋಗಿದ್ದೆ. ನನ್ನ ಮುಂದೆ ನಿಂತಿದ್ದ ಗಿರಾಕಿ ಕಾಂತಪ್ಪನವರನ್ನು ಮಗನ ಬಗ್ಗೆ ವಿಚಾರಿಸುತ್ತಿದ್ದ. ಕಾಂತಪ್ಪ ತಲೆ ಎತ್ತಿದರು.

"ಅವನು ಹೊರಗೆ ಸೆಟಲ್ ಆಗಿದ್ದಾನೆ," ಎಂದರು. "ಆದರೆ ತಂದೆತಾಯಿ ಅಂದ್ರೆ ತುಂಬಾ ಪ್ರೀತಿ. ದಿನಾ ಬಂದು ನೋಡಿ ಹೋಗ್ತಾನೆ."